ಜೂನ್ ಒಂದು

ಹದಿನಾಲ್ಕರಾಗ ಎರಡೇ ಉಳಿದಾವ ಈಗ.
ಒಂದು, ನೀರಿಗೆ ಇಪ್ಪತ್ತು ಹೆಜ್ಜಿ, ಬಿದಿರಿನ ಗೋಡಿ,
ಬಚ್ಚಲಕ್ಕ ಮ್ಯಾಲೆ ಸೂರಿಲ್ಲ.
ಇನ್ನೊಂದು ತೆಂಗಿನ ಹಿಂದ, ಗೀಸರು, ಕಮೋಡು,
ಕಡಲು ಕಾಣೂದು ಕಿಡಕಿಯ ಒಂದು ಮೂಲ್ಯಾಗ.

ಜೋರಾಪುರ ಪೇಟೆಯ ಕಟ್ಟಿ ಮ್ಯಾಲೆ
ಚಿಗವ್ವ ಮೊಬೈಲು ದೂರ ಹಿಡಿದು ನೋಡತಾಳ.
ಅರವತ್ತು ತುಂಬತಾವ, ಕಡಲು ಕಂಡಿಲ್ಲ;
ಬೇಗಂ ತಲಾಬ್ ಅಷ್ಟೇ ಆಕಿಯ ಅಳತಿ.
"ಮೊಣಕಾಲು ಬಾಗೂದಿಲ್ಲ, ಕಮೋಡು ಇರಲಿ" ಅಂತಾಳ.
ಬೆರಳು ಮಾತ್ರ ಬಿದಿರಿನ ಫೋಟೋ ಬಿಟ್ಟು ಸರಿಯೂದಿಲ್ಲ.

ಫೋನು ಹಚ್ಚಿದೆ: ಜೂನ್ ಒಂದಕ್ಕ, ಎರಡು ರಾತ್ರಿ.
ಗೋಕರ್ಣದಾತ ನಕ್ಕ.
"ಮೇ ಮುಗಿಯೋದ್ರೊಳಗೆ ಗುಡಿಸಲು ಬಿಚ್ಚಿ
ಬಿದಿರು ಕಟ್ಟಿ ಒಳಗಿಡ್ತೇವೆ, ಅಕ್ಕಾ.
ಆಗ ಇಲ್ಲಿ ಬರೀ ಮರಳು."

ಆಕಿಗೆ ಹೆಂಗ ಹೇಳಲಿ ಅಂತ ಕುಂತೆ.
ಹುಣಸಿಬೀಜ ಬಿಡಿಸೂದು ನಿಲ್ಲಿಸದೆ ಚಿಗವ್ವ ಅಂದಳು:
"ಜೂನ್ ಒಂದು ಮಾಸ್ತರು ಬರೆದದ್ದು.
ನಮ್ಮ ಓಣಿಯ ಹನ್ನೊಂದು ಮಂದಿ ಅವತ್ತೇ ಹುಟ್ಟೀವಿ
ಸಾಲಿ ಪುಸ್ತಕದಾಗ.
ನಮ್ಮವ್ವ ಹೇಳತಿದ್ದಳು, ಎಳ್ಳಮಾಸಿ ಮರುದಿನ,
ಸಜ್ಜಿ ಕಡುಬು ಇನ್ನೂ ಉಳಿದಿದ್ದವಂತ.
ರಿಟೈರ್ ಆಗಾಕ ಅದು ಇರಲಿ."

ಮತ್ತ ಫೋನು ಹಚ್ಚಿದೆ.
ಎಳ್ಳಮಾಸಿಗೆ ಇರತಾವಂತ, ಹೊಸಾ ಹಗ್ಗ, ಹೊಸಾ ಗರಿ.
ಯಾವುದು ಹೇಳಲಿ?
ಚಿಗವ್ವ ಮೊಣಕಾಲು ನೀವಿಕೊಂಡಳು.
"ಸೂರಿಲ್ಲದ್ದು. ಮೈ ತೊಳಕೊಳ್ಳೂವಾಗ ಚಿಕ್ಕಿ ಕಾಣತಾವಲ್ಲ.
ತೂತಿನ ಕುರ್ಚಿ ಮನಿಯದನ್ನೇ
ಬಸ್ಸಿನ ಮ್ಯಾಲೆ ಹಾಕೋಣು."