ನೆಟ್ಟ ಕಾಲು

ಶಕ್ತಿನಗರದ ಕೋರ್ಟಿಗೆ ಬೆಳಿಗ್ಗೆ ಮೊದಲು ಇಳಿಯುವುದು ಕಸಬರಿಗೆ.
ರಾತ್ರಿಯೆಲ್ಲ ಚಿಮಣಿಯಿಂದ ಬಿದ್ದ ಬೂದಿ
ಗುಡಿಸಿದವರೇ ಮೊದಲ ಐವರು,
ಅದು ಹುಸೇನಪ್ಪ ಸರ್ ರೂಲು.

ಹೊಸ ಜೆರ್ಸಿಗೆ ರೊಕ್ಕ ಮಂಜೂರಾಗಲಿಲ್ಲ.
ಟ್ರಂಕು ತೆರೆದು ತಮ್ಮವನ್ನೇ ಹಂಚಿದರು:
ಅಂಚೆಯದು, ರೈಲ್ವೆಯದು, ಎರಡು ಉಕ್ಕಿನ ಕಾರ್ಖಾನೆ,
ಬಾಗಿಲು ಮುಚ್ಚಿದ ಒಂದು ಟೈರ್ ಕಂಪನಿ.
ನನಗೆ ಬಂದದ್ದು ಬ್ಯಾಂಕು, ನಂಬರ್ ಹದಿನಾಲ್ಕು,
ಮೊಣಕಾಲು ಮುಟ್ಟುತ್ತಿತ್ತು.
"ಹುಷಾರ್, ಅದು ಇನ್ನಾ ಹೊಸಾದೈತಿ.
ಇಡೀ ಸೀಜನ್ನಿಗೆ ಹನ್ನೊಂದ ನಿಮಿಷ ಆಡೀನಿ ಅದರಾಗ."

ಆವತ್ತು ಅಂಚೆ ರೈಲ್ವೆಗೆ ಪಾಸು ಕೊಟ್ಟಿತು.
ಉಕ್ಕಿಗೆ ಉಕ್ಕು ಡಿಕ್ಕಿ ಹೊಡೆದು ಮೊಣಕೈ ತರಚಿಕೊಂಡಿತು.
ಟೈರ್ ಕಂಪನಿ, ಅಂದರೆ ಕ್ಯಾಂಟೀನ್ ಯಂಕೋಬನ ಮಗಳು ಹುಲಿಗೆಮ್ಮ,
ಬೋರ್ಡಿಗೆ ಬಡಿದು ಬುಟ್ಟಿಗೆ ಇಳಿಸಿದಳು.
ಸರ್ ಬಾಯಲ್ಲಿ ವಿಸಲ್ಲಿತ್ತು. ಊದಲಿಲ್ಲ.
ಯಾವ ಕಡೆಗೆ ಚಪ್ಪಾಳೆ ತಟ್ಟಬೇಕೆಂದು
ತಿಳಿಯದವರ ಹಾಗೆ ನಿಂತಿದ್ದರು.

ಆಮೇಲೆ ಕುಂಟುತ್ತ ನನ್ನ ಹತ್ತಿರ ಬಂದು
ಎಡಗಾಲು ಊರಿ ತೋರಿಸಿದರು:
"ಇದು ನೆಟ್ಟರ ನೆಟ್ಟಂಗ ಇರಬೇಕು.
ಇನ್ನೊಂದನ್ನ ಎತ್ತ ಬೇಕಾದ್ರ ತಿರುಗಿಸು,
ಭಿಲಾಯಿ ಕಡೆ ತಿರುಗಿಸು, ಕೊಚ್ಚಿ ಕಡೆ ತಿರುಗಿಸು."
"ನೆಟ್ಟದ್ದು ಎತ್ತಿದರೆ?"
"ಬಾಲು ಅವರಿಗೆ."

ಸಂಜೆ ಕೋರ್ಟು ಖಾಲಿಯಾದಾಗ
ಬೂದಿ ಮತ್ತೆ ಇಳಿದಿತ್ತು.
ಅವರು ತಿರುಗಿದಲ್ಲಿ ಒಂದು ಅರೆದುಂಡನೆ ಗೆರೆ,
ನಡುವೆ ಬೂಟಿನ ಅಚ್ಚು.
ನನ್ನ ಕಾಲಿಟ್ಟು ನೋಡಿದೆ.
ನಾಲ್ಕು ಬೆರಳು ದೊಡ್ಡದಿತ್ತು.