ಶ್ರುತಿಕವೆ ಬಡಿದಿರಲಿಲ್ಲ

ತೊಂಬತ್ತೊಂದು. ಎಪ್ಪತ್ತರ ರಸ್ತೆ.
ಗಿಮ್ಲಿ ದಾಟಿ ಸರೋವರದ ಕಡೆ ತಿರುಗುವ ಮೊದಲು
ಒಣಹುಲ್ಲಿನ ಉರುಳೆಗಳ ಹಿಂದೆ ಬಿಳಿ ಕಾರು.
ಕಾನ್‌ಸ್ಟೇಬಲ್ ಲಾಮಿರಾಂಡ್, ಎಳೆಯ,
ಅಕ್ಟೋಬರ್ ಗಾಳಿಗೆ ಕಿವಿಗಳೆರಡೂ ಕೆಂಪು.
"ಎಷ್ಟಿತ್ತು ಗೊತ್ತೇ ಮೇಡಂ?"
ಗೊತ್ತು ಅನ್ನಲಿಲ್ಲ ನಾನು.
ಗೊತ್ತಿತ್ತು.

ಮೂವತ್ತೆಂಟು ವರ್ಷ
ಪಿಯಾನೋಗಳ ಹೊಟ್ಟೆಯಲ್ಲಿ ತಲೆಯಿಟ್ಟು ತಂತಿ ಬಿಗಿದವಳು.
ನನ್ನ ವ್ಯಾನಿನ ಚಕ್ರ ಎಪ್ಪತ್ತಕ್ಕೆ ಯಾವ ಸ್ವರ ಗುನುಗುತ್ತದೆಂದು
ನಿದ್ದೆಗಣ್ಣಲ್ಲೂ ಹೇಳಬಲ್ಲೆ.
ಅವತ್ತು ಅದು, ಕರಿ ಬಿಳಿ ಎರಡೂ ಎಣಿಸಿದರೆ,
ನಾಲ್ಕೂವರೆ ಮನೆ ಮೇಲಿತ್ತು;
ಯಾವ ಮನೆಯಲ್ಲೂ ಕೂರದ ಅಪಸ್ವರ.
ಕೇಳಿಸುತ್ತಲೇ ಇತ್ತು. ಕಾಲು ಎತ್ತಲಿಲ್ಲ.
ಅವಸರವೂ ಇರಲಿಲ್ಲ, ಆಸ್ಪತ್ರೆಯಲ್ಲಿ ಯಾರೂ ಇರಲಿಲ್ಲ.
ರಸ್ತೆ ನೆಟ್ಟಗಿತ್ತು, ಬಿಸಿಲಿತ್ತು, ಅಷ್ಟೇ.

ಪಕ್ಕದ ಮನೆಯ ಓರೆಸ್ಟ್, ವಿಮೆ ಕಚೇರಿಯ ಗುಮಾಸ್ತ,
ಕಾಗದಪತ್ರ ತರಿಸಿಕೊಟ್ಟ; ಬೆರಳಿಟ್ಟು ತೋರಿಸಿದ
ಒಂದು ಖಾಲಿ ಚೌಕ.
"ಪಾಳಿಗೆ ಮೊದಲು ಶ್ರುತಿಕವೆ ಬಡಿದು
ರೇಡಾರಿನ ಮುಖಕ್ಕೆ ಹಿಡಿಯಬೇಕು, ಥೋರಾ.
ಬಡಿದೆನೆಂದು ಬರೆಯಬೇಕು. ಬರೆದಿಲ್ಲ ನಿನ್ನ ಹುಡುಗ.
ಮುಗೀತು ಕತೆ. ಇನ್ನೂರೆಪ್ಪತ್ತು ಡಾಲರ್ ಉಳೀತು."

ಶ್ರುತಿಕವೆ!
ನಕ್ಕೆ. ನನ್ನನ್ನು ಹಿಡಿದುಕೊಟ್ಟ ಯಂತ್ರವೂ
ಕಸುಬಿನಲ್ಲಿ ನನಗೆ ದಾಯಾದಿ.

ರಾತ್ರಿ ಅಡುಗೆಮನೆಯಲ್ಲಿ ಆ ಚಲನ್ ಬಿಡಿಸಿ ಕೂತೆ.
ಹಿಂಬದಿಯಲ್ಲಿ ಮೂರು ಚೌಕ:
ಒಪ್ಪುತ್ತೇನೆ. ಒಪ್ಪುತ್ತೇನೆ, ಆದರೆ.
ಒಪ್ಪುವುದಿಲ್ಲ.
ಕಳ್ಳನಿಗೊಂದು ಪಿಳ್ಳೆ ನೆವ ಎನ್ನುವ ಮಾತು ನೆನಪಾಗಿ
ಪೆನ್ನಿನ ಮುಚ್ಚಳ ಹಾಕಿದೆ.

ಹೋದ ಈಸ್ಟರಿಗೆ ರಿವರ್‌ಟನ್ ಚರ್ಚಿನ ಪಿಯಾನೋ.
ಕವೆ ಮನೆಯಲ್ಲೇ ಮರೆತಿದ್ದೆ.
ಬರೀ ಕಿವಿಯ ಮೇಲೆ ಭಾರ ಹಾಕಿ
ಎಲ್ಲ ತಂತಿ ಬಿಗಿದು, ನೂರನಲವತ್ತರ ಬಿಲ್ಲು ಬರೆದೆ.
ಭಾನುವಾರ ಅವರು ಹಾಡಿದರು, ಚೆನ್ನಾಗಿಯೇ ಹಾಡಿದರು.
ಬಡಿದೆಯಾ ಎಂದು ಯಾರೂ ಕೇಳಲಿಲ್ಲ.
ಸ್ವರ ಸರಿಯಿತ್ತು. ಸರಿಯಿತ್ತೆಂದು
ಹೇಳುವವಳು ನಾನೊಬ್ಬಳೇ ಇದ್ದೆ.

ಹಾಗಾದರೆ ಕಟ್ಟಿಬಿಡು ಅನ್ನುತ್ತದೆ ಮನಸ್ಸು.
ಆಗ ಡೆಲ್ಬರ್ಟ್ ಬಂದು ನಿಲ್ಲುತ್ತಾನೆ ಎದುರಿಗೆ:
ಫಿಶರ್ ರಿವರಿನಿಂದ ಮೀನಿನ ಲಾರಿ ತರುವವನು,
ಅದೇ ಉರುಳೆಗಳ ಹಿಂದಿನಿಂದ
ಈ ವರ್ಷ ನಾಲ್ಕು ಸಲ ಕೈ ತೋರಿಸಿ ನಿಲ್ಲಿಸಿಕೊಂಡವನು.
ಅವನ ಚಕ್ರ ಏನು ಹಾಡುತ್ತಿತ್ತೋ ನಾನು ಕೇಳಿಲ್ಲ.
ಇನ್ನೊಂದು ಚೀಟಿ ಬಂದರೆ ಲೈಸೆನ್ಸೂ ಇಲ್ಲ, ಲಾರಿಯೂ ಇಲ್ಲ.
ಅವನ ಮತ್ತು ಆ ಯಂತ್ರದ ನಡುವೆ ಇರುವುದು
ಇಷ್ಟೇ ಇಷ್ಟು ಉಕ್ಕು, ಎರಡು ಕಾಲಿನದು,
ಬೂಟಿನ ಹಿಮ್ಮಡಿಗೆ ಒಮ್ಮೆ ತಟ್ಟಬೇಕಾದದ್ದು.
ಓರೆಸ್ಟ್ ಅದನ್ನು ಸಂದಿ ಅನ್ನುತ್ತಾನೆ.
ಡೆಲ್ಬರ್ಟನಿಗೆ ಅದು ಬಾಗಿಲು.

ನನ್ನ ಕವೆ ತೆಗೆದು ಮೊಣಕಾಲಿಗೆ ಬಡಿದೆ,
ಬುಡವನ್ನು ಮೇಜಿಗೆ ಊರಿದೆ.
ಮೇಜೆಲ್ಲ ಹಾಡಿತು; ಉಪ್ಪಿನ ಡಬ್ಬಿ, ಚಮಚ,
ಚೀಟಿಯ ಅಂಚೂ ಸಣ್ಣಗೆ ನಡುಗಿತು.
ಫ್ರಿಜ್ಜಿನ ಗುಂಯ್ ಮಾತ್ರ ತನ್ನ ಪಾಡಿಗೆ
ಎರಡು ಸ್ವರಗಳ ನಡುವೆ ಸಿಕ್ಕಿಕೊಂಡು,
ಎಂದಿನಂತೆ.

ಮೂರನೆಯದಕ್ಕೆ ಗುರುತು ಹಾಕಿದೆ.
ನ್ಯಾಯಾಲಯಕ್ಕೆ ಹೋಗುತ್ತೇನೆ. ಚೆಕ್ಕು ಬರೆದು
ಚೀಲದಲ್ಲಿಟ್ಟುಕೊಂಡೇ ಹೋಗುತ್ತೇನೆ.
ಆ ಕೆಂಪು ಕಿವಿಯ ಹುಡುಗನನ್ನು ಒಂದೇ ಮಾತು ಕೇಳುವುದಿದೆ,
ಎಲ್ಲರಿಗೂ ಕೇಳುವಂತೆ:
ಬಡಿದೆಯಾ?

ಇಲ್ಲ ಅಂದರೆ ಚೆಕ್ಕನ್ನು ಏನು ಮಾಡುವುದೆಂದು
ಇನ್ನೂ ಗೊತ್ತಾಗಿಲ್ಲ.
ವಾಪಸ್ಸು ಬರುವಾಗ ಎಪ್ಪತ್ತಕ್ಕೆ ಬರಬೇಕು.