ಎರಡನೇ ನೀಲಿ

ಕೌಲ್ ಬಜಾರಿನಲ್ಲಿ ಚಿಂದಿಗೂ ತಕ್ಕಡಿ ಇದೆ.
ಕಿಲೋಗೆ ಹನ್ನೆರಡು ರೂಪಾಯಿ; ನಾನು ದಾರ ಕತ್ತರಿಸುವವಳೆಂದು
ಖಾಸಿಂಸಾಬ್ ಹತ್ತಕ್ಕೆ ಕೊಟ್ಟ.
ಗೋಣಿ ಬಿಚ್ಚಿದರೆ ನೀಲಿ,
ನೀಲಿಯ ಕೆಳಗೆ ನೀಲಿ,
ಬೆರಳಗಲದ, ಗೇಣುದ್ದದ, ಹಾವಿನ ಮರಿಯಂಥ ಪಟ್ಟಿಗಳು,
ಯಾರ್ಯಾರದೋ ಸೊಂಟಕ್ಕೆ ಹೆಚ್ಚಾಗಿ ಉಳಿದದ್ದು.

ತಾಯಕ್ಕ ಮೂಗು ಮುರಿದಳು.
"ಬರೀ ಇದನ್ನ ಹೊಲಿದ್ರ ಕೌದಿ ಅಲ್ಲ, ಬಾವಿ ಆಗ್ತೈತಿ.
ಮಲಗಿದವ್ರು ಮುಳುಗ್ತಾರ.
ಮನಿಯಾಗಿನ ಬಣ್ಣ ತಾ."

ಟ್ರಂಕು ಬೋರಲು ಹಾಕಿದೆ:
ನನ್ನ ಮದುವೆಯ ಕುಬುಸದ ಗಿಳಿಹಸಿರು ತೋಳು,
ನಾದಿನಿ ಬಿಟ್ಟುಹೋದ ಉಳ್ಳಾಗಡ್ಡಿ ಸಿಪ್ಪೆಯ ಬಣ್ಣದ ಲಂಗ,
ಹುಡುಗನ ಶಾಲೆಯ ಚೌಕಳಿ,
ಗಂಡನ ಖಾಕಿ ಅಂಗಿ.
ಅವನು ಆಟೋ ಒರೆಸುತ್ತ ಹೊರಗಿನಿಂದಲೇ ಕೂಗಿದ,
"ಅದು ಇನ್ನೊಂದು ವರ್ಷ ಬರ್ತಿತ್ತಲ್ಲೇ!"
ಅಷ್ಟರಲ್ಲಿ ತಾಯಕ್ಕ ಪರ್ರನೆ ಹರಿದಾಗಿತ್ತು.
ಬಟ್ಟೆ ನೇರ ಹರಿಯುವಾಗಿನ ಆ ಸದ್ದು
ಚಿಕ್ಕಂದಿನಿಂದಲೂ ನನಗೆ ಇಷ್ಟ.

ಅವಳದೊಂದು ಕಟ್ಟಳೆ: ಕಣ್ಣು ಮುಚ್ಚಿ ಗೋಣಿಗೆ ಕೈ ಹಾಕು,
ಸಿಕ್ಕಿದ್ದನ್ನು ಹೊಲಿ.
ಹಿಂದಿನ ಬಣ್ಣವೇ ಮತ್ತೆ ಸಿಕ್ಕರೆ ಮಾತ್ರ ವಾಪಸು.
ಆರಿಸಲು ಕೂತರೆ ಎಲ್ಲರೂ ಚಂದದ್ದನ್ನೇ ಆರಿಸುತ್ತಾರೆ,
ಚಂದದ್ದರ ಪಕ್ಕ ಚಂದದ್ದು ಕೂತರೆ ಎರಡೂ ಸಪ್ಪೆ.

ನಾನು ಕಳ್ಳಿ. ರೆಪ್ಪೆಯ ಸಂದಿಯಿಂದ ನೋಡುತ್ತೇನೆ.
ಗಿಳಿಹಸಿರು ಕೈಗೆ ತಾಕಿದಾಗೆಲ್ಲ ಪಕ್ಕಕ್ಕೆ ಸರಿಸುತ್ತೇನೆ,
ಇನ್ನೂ ಒಳ್ಳೆಯ ಜಾಗಕ್ಕೆಂದು.
ಹೀಗೇ ಎತ್ತಿಟ್ಟು ಎತ್ತಿಟ್ಟು
ಎಷ್ಟನ್ನು ಟ್ರಂಕಿನಲ್ಲೇ ನುಸಿಗೆ ಕೊಟ್ಟಿದ್ದೇನೋ.

ಚುನಾವಣೆಯ ಬಾವುಟಗಳೂ ಇದ್ದವು, ಗಟ್ಟಿ ಬಟ್ಟೆ.
ಕೇಸರಿ ಬಂತು. ಅದರ ಬೆನ್ನಿಗೇ ಹಸಿರು.
ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ರುದ್ರಾಣಿ
"ನೀವು ಯಾರ ಕಡಿಯವ್ರು?" ಎಂದಳು.
ನಡುವೆ ಬಿಳಿ ಇಡೋಣ ಎಂದೆ.
"ಹುಚ್ಚಿ, ಧ್ವಜ ಆಗ್ತೈತಿ.
ಧ್ವಜದ ಮ್ಯಾಲೆ ಕಾಲು ಚಾಚಾಕ ಬರ್ತೈತೇನು?"
ತಾಯಕ್ಕ ನಡುವೆ ಖಾಕಿ ಇಟ್ಟಳು.
ಈಗ ಬಂದೋಬಸ್ತ್ ಆಯ್ತು ಎಂದು
ಮೂವರೂ ಗೋಡೆಗೆ ಒರಗಿ ನಕ್ಕೆವು.

ಬಿಳಿ ಹೇಗೂ ಬೇಡ. ಸಂಡೂರಿನ ಲಾರಿಗಳು ಹಾಯುವ ಊರಲ್ಲಿ
ಬಿಳಿಗೆ ಆಯುಷ್ಯ ಎರಡು ವಾರ,
ಆಮೇಲೆ ತಾನಾಗಿ ಇಟ್ಟಿಗೆ.

ಈ ಊರಿನ ಸೆಕೆಗೆ ಕೌದಿ ಯಾಕೆ ಎನ್ನುವವರಿಗೆ:
ಹೊದೆಯಲು ಅಲ್ಲ, ಮಾಳಿಗೆಯ ಮೇಲೆ ಹಾಸಲು.
ಮಧ್ಯರಾತ್ರಿಯವರೆಗೂ ಗಚ್ಚು ಕಾದೇ ಇರುತ್ತದೆ,
ಎದುರಿಗೆ ಗುಡ್ಡವೂ,
ಆ ಒಂದೇ ಬಂಡೆ, ಹಗಲಿನ ಬಿಸಿಲನ್ನು ಚೂರುಚೂರೇ ವಾಪಸು ಕೊಡುತ್ತ.
ಹಾಗಾದರೆ ಬೆನ್ನಿನ ಕೆಳಗೆ ಯಾವ ಬಣ್ಣವಾದರೇನು?
ಕೇಳಿದೆ.
ತಾಯಕ್ಕ ಉತ್ತರ ಕೊಡಲಿಲ್ಲ,
ದಾರದ ತುದಿ ತುಟಿಯಲ್ಲಿತ್ತು.

ಹದಿನೈದನೇ ದಿನ ಎರಡು ಸೂಜಿ ಮುರಿದವು. ಜೀನ್ಸ್ ಬಗ್ಗುವುದಿಲ್ಲ.
ನನ್ನ ಬೆರಳ ತುದಿ ನೀಲಿ, ತಟ್ಟಿದ ರೊಟ್ಟಿಯ ಅಂಚೂ ನೀಲಿ,
ಹುಡುಗ ತಟ್ಟೆ ದೂಡಿದ.
ಸಾಕು, ಹನ್ನೊಂದು ವರ್ಷ ಇದನ್ನೇ ನೋಡಿದೆ ಎಂದು
ಗೋಣಿಯನ್ನು ಒದ್ದೆ.

ತಾಯಕ್ಕ ಒಂದು ಪಟ್ಟಿ ಎತ್ತಿ ತಿರುವಿ ಹಾಕಿದಳು.
ಅಷ್ಟೆ.
ಮೇ ತಿಂಗಳಲ್ಲಿ, ಐದು ಗಂಟೆಗೆ, ನಲ್ಲಿ ಬಂತೆಂದು ಯಾರೋ ಕೂಗಿ
ಮಾಳಿಗೆಯ ಮೇಲೆ ಎದ್ದು ಕೂತಾಗ
ಗುಡ್ಡದ ಹಿಂದೆ ಇರುತ್ತದಲ್ಲ,
ನೀಲಿಯೂ ಅಲ್ಲದ ಬೂದಿಯೂ ಅಲ್ಲದ
ಅದು.
ಹನ್ನೊಂದು ವರ್ಷ ನನ್ನ ಕತ್ತರಿ ಓಡಿದ್ದು ಅದರ ಮೇಲೆಯೇ:
ದಾರ ಉಳಿಯುವುದು ಒಳಮಗ್ಗಲಲ್ಲಿ.

ಗಿಳಿಹಸಿರನ್ನು ಅದರ ಪಕ್ಕಕ್ಕೆ ಇಟ್ಟೆ. ಕಣ್ಣು ತೆರೆದೇ ಇಟ್ಟೆ.
ತಾಯಕ್ಕ ನೋಡಿಯೂ ನೋಡದಂತೆ
ಕೊನೆಯ ಮೂಲೆಯ ಬಾಯಿಗೆ ರೊಟ್ಟಿಯ ಚೂರು ತುರುಕಿದಳು,
ಕೌದಿ ಹಸಿದು ಮಲಗಬಾರದೆಂದು.
ನೀಲಿ ಅಂಚಿನದನ್ನೇ ಆರಿಸಿ.